ಕಾರಿನ ದೀಪ ಮಂಕಾದಾಗ

ಮದುವೆ, ಗೃಹಪ್ರವೇಶ, ಜಾತ್ರೆ, ಪುಣ್ಯಸ್ಮರಣೆ ಮೊದಲಾದ ಕಾರ್ಯಗಳಿಗೆ ನಮ್ಮ ಕುಟುಂಬಗಳು ಕೈಗೊಳ್ಳುವ ಪ್ರಯಾಣ ಬಹುಪಾಲು ಮುಗಿಯುವುದು ರಾತ್ರಿಯಲ್ಲಿ. ಹಗಲೆಲ್ಲ ಕಾರ್ಯದಲ್ಲಿ ಪಾಲ್ಗೊಂಡು, ಪ್ರಸಾದ ಸ್ವೀಕರಿಸಿ, ಬೀಗರನ್ನು ಮಾತನಾಡಿಸಿ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತದೆ. ಹಿಂದಿನ ಸೀಟಿನಲ್ಲಿ ಹಿರಿಯರು, ಅವರ ತೊಡೆಯ ಮೇಲೆ ನಿದ್ರಿಸುವ ಮಕ್ಕಳು, ಡಿಕ್ಕಿಯ ತುಂಬ ಸಾಮಾನು. ಇಷ್ಟು ಜೀವಗಳ ಕ್ಷೇಮವನ್ನು ಹೊತ್ತು ಸಾಗುವ ಕಾರಿಗೆ ದಾರಿ ತೋರುವವು ಮುಂದಿನ ಎರಡು ಹೆಡ್‌ಲೈಟುಗಳು ಮಾತ್ರ. ಟೈರು, ಬ್ರೇಕು, ಎಂಜಿನ್ ಆಯಿಲ್ ಇವುಗಳ ಬಗ್ಗೆ ಕಾಳಜಿ ವಹಿಸುವ ಗೃಹಸ್ಥರು ಕೂಡ ದೀಪದ ವಿಷಯ ಬಂದಾಗ "ಬೆಳಕು ಸ್ವಲ್ಪ ಕಡಿಮೆ, ಆದರೂ ನಡೆಯುತ್ತದೆ" ಎಂದು ಸುಮ್ಮನಾಗುವುದುಂಟು.

ನಮ್ಮ ನಾಡಿನ ರಸ್ತೆಗಳಲ್ಲಿ ಇಂತಹ ಉದಾಸೀನತೆಗೆ ಎಡೆಯಿಲ್ಲ. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ದಾರಿಯಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಎದುರಾಗುತ್ತವೆ. ರಸ್ತೆಯ ಬದಿಯಲ್ಲಿ ಕೆಟ್ಟು ನಿಂತ ಲಾರಿ, ಡಾಂಬರಿನ ಮೇಲೆ ಮಲಗಿದ ದನ, ಗುರುತು ಬಳಿಯದ ಹಂಪು, ಇವೆಲ್ಲ ದಿನನಿತ್ಯದ ಸಂಗತಿಗಳು. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರು ಬಿಸಿಲಿನ ತಾಪ ತಪ್ಪಿಸಿಕೊಳ್ಳಲು ರಾತ್ರಿ ಮತ್ತು ಬೆಳಗಿನ ಜಾವ ನಡೆಯುವುದನ್ನು ನಾವೆಲ್ಲ ಬಲ್ಲೆವು. ಕಾರಿನ ದೀಪ ಮಂಕಾಗಿದ್ದರೆ ಅಪಾಯ ಕಾರಿನಲ್ಲಿರುವವರಿಗೆ ಮಾತ್ರವಲ್ಲ, ದಾರಿಯಲ್ಲಿ ನಡೆಯುವ ಇಂತಹವರಿಗೂ ಇದೆ.

ಬೆಳಕು ಸಾಲದೆಂದು ಅರಿವಾದಾಗ ಅನೇಕರು ಅಂಗಡಿಗೆ ಹೋಗಿ ಕಣ್ಣು ಕೋರೈಸುವ ಹೊಸ ಬಲ್ಬನ್ನು ಹಾಕಿಸಿಕೊಂಡು ಬರುತ್ತಾರೆ. ಇದರಿಂದ ಒಂದು ತೊಂದರೆ ಹೋಗಿ ಮತ್ತೊಂದು ತೊಂದರೆ ಬರುತ್ತದೆ. ಎದುರಿನಿಂದ ಬರುವ ಚಾಲಕನ ಕಣ್ಣು ಕತ್ತಲುಗಟ್ಟಿದರೆ ಆತನ ವಾಹನ ನಮ್ಮ ಕಡೆಗೇ ನುಗ್ಗೀತು. ವಾಸ್ತವವಾಗಿ ಮಂಕಾದ ಹೆಡ್‌ಲೈಟುಗಳಲ್ಲಿ ಬಹುಪಾಲಿಗೆ ಹೊಸ ಶಕ್ತಿಯನ್ನು ತುಂಬುವ ಅಗತ್ಯವೇ ಇರುವುದಿಲ್ಲ. ತಯಾರಕರು ಕೊಟ್ಟಿದ್ದ ಬೆಳಕಿನಲ್ಲಿ ಎಷ್ಟೋ ಭಾಗ ದಾರಿಯಲ್ಲೇ ಕಳೆದುಹೋಗಿರುತ್ತದೆ. ಕಳೆದುಹೋದದ್ದನ್ನು ಮರಳಿ ಪಡೆಯುವುದೇ ಸುರಕ್ಷಿತವೂ ಕಾನೂನುಬದ್ಧವೂ ಆದ ಮಾರ್ಗ. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಎಷ್ಟು ದೂರ ಕಾಣಬೇಕು?

ಮೊದಲು ಒಂದು ಸರಳ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಅಡ್ಡಿಯನ್ನು ಕಂಡು, ಅದೇನೆಂದು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಹಿಡಿಯುತ್ತದೆಂದು ಭಾವಿಸಿದರೆ ಅಷ್ಟರಲ್ಲೇ 25 ಮೀಟರ್ ಕಳೆಯುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ, ಒಳ್ಳೆಯ ಟೈರು ಮತ್ತು ಬ್ರೇಕುಗಳಿದ್ದರೆ, ಪೂರ್ಣವಾಗಿ ನಿಲ್ಲಲು ಇನ್ನೂ 20 ಮೀಟರ್ ಬೇಕು. ಒಟ್ಟು 45 ಮೀಟರ್. ವೇಗ 80 ಆದರೆ ಇದೇ ಲೆಕ್ಕದಲ್ಲಿ ಸುಮಾರು 70 ಮೀಟರ್, 100 ಆದರೆ ಸುಮಾರು 97 ಮೀಟರ್ ಬೇಕಾಗುತ್ತದೆ. ಮಳೆಯಲ್ಲಿ ಈ ಅಂತರ ಇನ್ನೂ ಹೆಚ್ಚುತ್ತದೆ.

ಈಗ ದೀಪದ ಕಡೆಗೆ ಬರೋಣ. ಹೆಡ್‌ಲೈಟಿನಲ್ಲಿ ಎರಡು ಬಗೆಯ ಬೆಳಕಿದೆ: ದೂರಕ್ಕೆ ಬೀಳುವ ಹೈ ಬೀಮ್, ತಗ್ಗಿಸಿದ ಲೋ ಬೀಮ್. ಲೋ ಬೀಮ್ ಎದುರಿನವರ ಕಣ್ಣಿಗೆ ಬೀಳದಂತೆ ಕೆಳಕ್ಕೆ ಬಾಗಿರುತ್ತದೆ. ಸಾಮಾನ್ಯವಾಗಿ 10 ಮೀಟರಿಗೆ 10 ಸೆಂಟಿಮೀಟರಿನಷ್ಟು, ಎಂದರೆ ಶೇಕಡಾ 1ರಷ್ಟು. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಬೆಳಕಿನ ಮೇಲಂಚು 65 ಮೀಟರ್ ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. ದೀಪ ಸಂಪೂರ್ಣ ಸುಸ್ಥಿತಿಯಲ್ಲಿದ್ದರೂ ಲೋ ಬೀಮಿನಲ್ಲಿ 80ರ ವೇಗ ಬೆಳಕಿನ ಎಲ್ಲೆಯನ್ನು ಮೀರಿದ್ದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇನ್ನು ದೀಪವೇ ಮಂಕಾಗಿದ್ದರೆ, ಅಥವಾ ಅದರ ದಿಕ್ಕು ಶೇಕಡಾ 2ಕ್ಕೆ ಇಳಿದು ಬೆಳಕು 32 ಮೀಟರಿಗೇ ನಿಂತುಬಿಟ್ಟರೆ, 60ರ ವೇಗವೂ ಅಪಾಯಕರವೇ.

ಮೊದಲು ಹೊರಗಿನ ಕವಚ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹೆಡ್‌ಲೈಟಿನ ಮುಖ ನಿಜವಾದ ಗಾಜಿನದಾಗಿತ್ತು. ಇಂದಿನ ಕಾರುಗಳಲ್ಲಿ ಆ ಜಾಗಕ್ಕೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಬಂದಿದೆ. ಇದು ಹಗುರ, ಕಲ್ಲು ತಾಗಿದರೆ ಸುಲಭವಾಗಿ ಒಡೆಯದು. ಆದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಇದನ್ನು ಕೆಡಿಸುತ್ತವೆ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ಇದರ ಮೇಲೆ ತೆಳುವಾದ ರಕ್ಷಣಾ ಲೇಪವನ್ನು ಹಚ್ಚಿರುತ್ತಾರೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಆ ಲೇಪ ಸವೆದು, ಕವಚ ಹಳದಿಯಾಗಿ, ಹಾಲು ಬೆರೆತ ನೀರಿನಂತೆ ಮಸುಕಾಗುತ್ತದೆ. ಒಳಗಿನ ಬಲ್ಬು ಎಷ್ಟು ಚೆನ್ನಾಗಿದ್ದರೂ ಬೆಳಕು ಹೊರಬರುವುದಿಲ್ಲ. ಬಂದ ಬೆಳಕೂ ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಇದನ್ನು ಸರಿಪಡಿಸಲು ಸಾಧ್ಯ. ಕವಚವನ್ನು ಸಾಬೂನು ನೀರಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ತಾಗದಂತೆ ಟೇಪು ಅಂಟಿಸಬೇಕು. ಅನಂತರ ನೀರು ಹಾಕುತ್ತ 1000 ನಂಬರಿನ ವಾಟರ್ ಪೇಪರಿನಿಂದ ಒಂದೇ ಸಮನೆ ಉಜ್ಜಿ, ಕ್ರಮವಾಗಿ 1500, 2000, 3000 ನಂಬರುಗಳಿಗೆ ಬರಬೇಕು. ಪ್ರತಿ ಹಂತದಲ್ಲೂ ಹಿಂದಿನ ಹಂತದ ಗೀರುಗಳು ಮಾಯವಾಗಬೇಕು. ಕೊನೆಗೆ ಪಾಲಿಶಿನಿಂದ ಹೊಳಪು ಕೊಡಬೇಕು. ಕೆಲಸ ಇಲ್ಲಿಗೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆದರೆ ಹಳೆಯ ರಕ್ಷಣಾ ಲೇಪ ಈಗ ಪೂರ್ತಿ ಹೋಗಿರುತ್ತದೆ. ಅತಿನೇರಳೆ ಕಿರಣಗಳನ್ನು ತಡೆಯುವ ಹೊಸ ಲೇಪವನ್ನು ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಕವಚ ಮತ್ತೆ ಹಳದಿಯಾಗುತ್ತದೆ. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕುವ ಮನೆಮದ್ದಿನ ಫಲ ಅಲ್ಪಕಾಲದ್ದು ಎಂಬುದಕ್ಕೂ ಇದೇ ಕಾರಣ. ಪೆಟ್ರೋಲು, ಥಿನ್ನರುಗಳಿಂದ ಮಾತ್ರ ಒರೆಸಲೇಬಾರದು. ಪಾಲಿಕಾರ್ಬೊನೇಟಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ.

ಮಸುಕು ಕವಚದ ಒಳಭಾಗದಲ್ಲಿದ್ದರೆ, ಅಥವಾ ನೀರು ಸೇರಿ ಹಿಂದಿನ ಕನ್ನಡಿಯಂತಹ ಪ್ರತಿಫಲಕದ ಹೊಳಪು ಹೋಗಿದ್ದರೆ, ಉಜ್ಜಿ ಪ್ರಯೋಜನವಿಲ್ಲ. ಪ್ರತಿಫಲಕದ ಮೇಲಿರುವುದು ಅತ್ಯಂತ ತೆಳುವಾದ ಅಲ್ಯೂಮಿನಿಯಂ ಪದರ. ಬಟ್ಟೆಯಿಂದ ಒರೆಸಿದರೂ ಅದು ಎದ್ದು ಬಂದೀತು. ಅಂತಹ ಸಂದರ್ಭದಲ್ಲಿ ಪೂರ್ತಿ ಹೆಡ್‌ಲೈಟನ್ನೇ ಬದಲಿಸುವುದು ಲೇಸು. ಕಾರಿನ ತಯಾರಕರದೇ ಬಿಡಿಭಾಗವನ್ನು ಆರಿಸಬೇಕು. ಹೊರದೇಶದಿಂದ ಬಂದ ಹಳೆಯ ದೀಪಗಳು ಅಗ್ಗಕ್ಕೆ ದೊರೆತರೂ ಒಂದು ಎಚ್ಚರಿಕೆ ಅವಶ್ಯ. ನಾವು ರಸ್ತೆಯ ಎಡಬದಿಯಲ್ಲಿ ಚಲಿಸುವವರಾದ್ದರಿಂದ ನಮ್ಮ ಲೋ ಬೀಮಿನ ಬೆಳಕು ಎಡಕ್ಕೆ ಮಾತ್ರ ಸ್ವಲ್ಪ ಮೇಲೇರಿ ರಸ್ತೆಯಂಚನ್ನು ತೋರುತ್ತದೆ. ಬಲಬದಿಯಲ್ಲಿ ಚಲಿಸುವ ದೇಶಗಳ ದೀಪದಲ್ಲಿ ಅದು ಬಲಕ್ಕೆ ಏರುತ್ತದೆ, ಎಂದರೆ ನೇರವಾಗಿ ನಮ್ಮ ಎದುರಿನಿಂದ ಬರುವವರ ಮುಖಕ್ಕೆ.

ತಂತಿಯಲ್ಲಿ ಸೋರುವ ವಿದ್ಯುತ್ತು

ಕವಚ ಸ್ವಚ್ಛವಿದ್ದೂ ಬೆಳಕು ಕೆಂಪಾಗಿ, ಸೋತಂತೆ ಕಂಡರೆ ವಿದ್ಯುತ್ತಿನ ಕಡೆ ಗಮನ ಹರಿಸಬೇಕು. ನಮ್ಮಲ್ಲಿ ಅನೇಕ ಕಾರುಗಳಲ್ಲಿರುವ ಎಚ್4 ಹ್ಯಾಲೊಜನ್ ಬಲ್ಬನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಹೈ ಬೀಮ್ 60 ವ್ಯಾಟ್, ಲೋ ಬೀಮ್ 55 ವ್ಯಾಟ್. 13.2 ವೋಲ್ಟ್ ದೊರೆತಾಗ ಇದರ ಲೋ ಬೀಮ್ ಸುಮಾರು 1000 ಲ್ಯೂಮೆನ್, ಹೈ ಬೀಮ್ ಸುಮಾರು 1650 ಲ್ಯೂಮೆನ್ ಬೆಳಕು ಕೊಡಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಆದರೆ ತಂತಿಯುರಿಯುವ ಬಲ್ಬಿನ ಸ್ವಭಾವ ವಿಚಿತ್ರವಾದುದು. ವೋಲ್ಟೇಜು ಶೇಕಡಾ 5 ಇಳಿದರೆ ಬೆಳಕು ಶೇಕಡಾ 16ರಷ್ಟು ಇಳಿಯುತ್ತದೆ. ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಕುಗ್ಗುತ್ತದೆ. ಎಂದರೆ ಬಲ್ಬಿಗೆ 13.2ರ ಬದಲು 11.9 ವೋಲ್ಟ್ ಮಾತ್ರ ತಲುಪಿದರೆ 1000 ಲ್ಯೂಮೆನ್ ಇದ್ದದ್ದು ಸುಮಾರು 700ಕ್ಕೆ ಇಳಿಯಿತು.

ಈ ಸೋರಿಕೆ ಎಲ್ಲಿ ಆಗುತ್ತದೆ? ಹಳೆಯ ಕಾರುಗಳಲ್ಲಿ ದೀಪದ ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಸ್ಟೀರಿಂಗಿನ ಬಳಿಯ ಸ್ವಿಚ್ಚನ್ನು ಹಾದು, ಮತ್ತೆ ಮುಂದಕ್ಕೆ ಬರಬೇಕು. ದೂರ ಹೆಚ್ಚು, ತಂತಿ ತೆಳು, ಸ್ವಿಚ್ಚಿನ ಒಳಗಿನ ಸಂಪರ್ಕ ಸವೆದದ್ದು. ಇದರ ಜೊತೆಗೆ ಕಾರಿನ ಬಾಡಿಗೆ ಜೋಡಿಸಿದ ಅರ್ತ್ ತಂತಿಯ ಬುಡದಲ್ಲಿ ತುಕ್ಕು, ಬಲ್ಬಿನ ಹೋಲ್ಡರಿನಲ್ಲಿ ಹಸಿರುಗಟ್ಟಿದ ಪಿನ್ನು. ಹೀಗೆ ಒಂದೊಂದು ಕಡೆ ಸ್ವಲ್ಪ ಸ್ವಲ್ಪ ವೋಲ್ಟೇಜು ನಷ್ಟವಾಗುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ಚಾಲನೆಯಲ್ಲಿಟ್ಟು, ದೀಪ ಹೊತ್ತಿಸಿ, ಮಲ್ಟಿಮೀಟರಿನಿಂದ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜು ಅಳೆಯಬೇಕು. ಆಲ್ಟರ್ನೇಟರ್ ಸರಿಯಿದ್ದರೆ ಸುಮಾರು 13.5ರಿಂದ 14.4 ವೋಲ್ಟ್ ತೋರುತ್ತದೆ. ಅನಂತರ ಹೊತ್ತಿರುವ ಬಲ್ಬಿನ ಹೋಲ್ಡರಿನ ಹಿಂಬದಿಯಿಂದ ಅಳೆಯಬೇಕು. ಎರಡರ ನಡುವಿನ ಅಂತರ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದೋಷವಿದೆಯೆಂದು ತಿಳಿಯಬೇಕು. ಮೊದಲು ಬ್ಯಾಟರಿಯ ಟರ್ಮಿನಲ್, ಅರ್ತ್ ತಂತಿ ಮತ್ತು ಹೋಲ್ಡರುಗಳನ್ನು ಶುಚಿಗೊಳಿಸಿ ಬಿಗಿಮಾಡಿಸಬೇಕು. ಎಷ್ಟೋ ಕಾರುಗಳಲ್ಲಿ ಇಷ್ಟರಿಂದಲೇ ಬೆಳಕು ಮರಳುತ್ತದೆ.

ಅದರಿಂದಲೂ ಸರಿಹೋಗದಿದ್ದರೆ ಹಳೆಯ ಕಾರಿಗೆ ರಿಲೇ ಹಾಕಿಸುವುದು ಉತ್ತಮ ಉಪಾಯ. ಆಗ ಸ್ವಿಚ್ಚು ಕೇವಲ ರಿಲೇಗೆ ಸೂಚನೆ ಕೊಡುತ್ತದೆ. ದೀಪಕ್ಕೆ ಬೇಕಾದ ವಿದ್ಯುತ್ತು ದಪ್ಪ ತಂತಿಯ ಮೂಲಕ ಬ್ಯಾಟರಿಯಿಂದ ನೇರವಾಗಿ ಹರಿಯುತ್ತದೆ. ಎರಡು 55 ವ್ಯಾಟಿನ ಬಲ್ಬುಗಳು ಸೇರಿ ಸುಮಾರು 9 ಆಂಪಿಯರ್ ಎಳೆಯುವುದರಿಂದ ಬ್ಯಾಟರಿಯ ಹತ್ತಿರವೇ ತಕ್ಕ ಫ್ಯೂಸ್ ಇರುವುದು ಕಡ್ಡಾಯ. ಇದರಿಂದ ದೀಪದ ಸ್ವರೂಪವಾಗಲಿ ಬಲ್ಬಿನ ಶಕ್ತಿಯಾಗಲಿ ಬದಲಾಗುವುದಿಲ್ಲ. ಆದರೆ ಈಚಿನ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಅಂತಹ ಕಾರಿನ ತಂತಿಯನ್ನು ಕತ್ತರಿಸಲು ಯಾರಿಗೂ ಅವಕಾಶ ಕೊಡದೆ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಒಯ್ಯುವುದು ಕ್ಷೇಮ.

ಬಲ್ಬಿನ ಆಯ್ಕೆ

ಹ್ಯಾಲೊಜನ್ ಬಲ್ಬು ಒಮ್ಮೆಲೇ ಸಾಯುವುದಿಲ್ಲ. ಬಳಸಿದಂತೆ ನಿಧಾನವಾಗಿ ಕ್ಷೀಣಿಸುತ್ತದೆ. ಆದ್ದರಿಂದ ಒಂದು ಬಲ್ಬು ಹೋದಾಗ ಎರಡನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಪ್ರಸಿದ್ಧ ಕಂಪನಿಯ, ಅದೇ ಮಾದರಿಯ, ಅದೇ ವ್ಯಾಟಿನ ಬಲ್ಬನ್ನೇ ಕೊಳ್ಳಬೇಕು. ವೃತ್ತದೊಳಗೆ "ಇ" ಅಕ್ಷರ ಮತ್ತು ಅಂಕಿಯಿರುವ ಮುದ್ರೆ ಯೂರೋಪಿನ ಮಾನದಂಡದ ಅನುಮೋದನೆಯ ಗುರುತು. ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಕೈಯ ಜಿಡ್ಡು ಅಂಟಿದ ಭಾಗ ಅತಿಯಾಗಿ ಕಾದು ಬಲ್ಬು ಬೇಗ ಕೆಡುತ್ತದೆ. ಶುಭ್ರವಾದ ಬಟ್ಟೆಯಿಂದ ಲೋಹದ ಬುಡವನ್ನು ಹಿಡಿದು, ಅದರ ಮೂರು ಕಿವಿಗಳು ತಮ್ಮ ಕಚ್ಚಿನಲ್ಲಿ ಸರಿಯಾಗಿ ಕೂರುವಂತೆ ಇಡಬೇಕು. ಸ್ವಲ್ಪ ಓರೆಯಾಗಿ ಕೂತರೂ ಬೆಳಕಿನ ಆಕಾರವೇ ಕೆಡುತ್ತದೆ.

ಅದೇ ವ್ಯಾಟಿನಲ್ಲಿ ಹೆಚ್ಚು ಬೆಳಕು ಕೊಡುವ ಉತ್ತಮ ದರ್ಜೆಯ ಹ್ಯಾಲೊಜನ್ ಬಲ್ಬುಗಳೂ ದೊರೆಯುತ್ತವೆ. ಅವುಗಳ ಆಯುಸ್ಸು ಕಡಿಮೆ, ಬೆಲೆ ಹೆಚ್ಚು. ಆದರೂ ಅವು ನಿಯಮಕ್ಕೆ ಒಳಪಟ್ಟವು. ನೀಲಿ ಬಣ್ಣ ಬಳಿದ ಬಲ್ಬುಗಳು ಮಾತ್ರ ನೋಟಕ್ಕಷ್ಟೇ ಚೆಂದ. ಆ ಬಣ್ಣವು ಬೆಳಕಿನ ಒಂದು ಭಾಗವನ್ನು ತಡೆಯುವುದರಿಂದ ರಸ್ತೆಗೆ ಬೀಳುವ ಬೆಳಕು ಹೆಚ್ಚುವ ಬದಲು ತಗ್ಗುತ್ತದೆ.

100/90 ವ್ಯಾಟಿನ ಬಲ್ಬುಗಳು ಎಚ್4 ಹೋಲ್ಡರಿನಲ್ಲಿ ಸರಿಯಾಗಿ ಕೂರುತ್ತವೆ, ಅಪಾಯವಿರುವುದೇ ಅಲ್ಲಿ. ಇವು ಎರಡೂ ಸೇರಿ 15 ಆಂಪಿಯರಿಗೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. 10 ಆಂಪಿಯರಿಗೆಂದು ರಚಿಸಿದ ತಂತಿ ಮತ್ತು ಸ್ವಿಚ್ಚು ಕಾದು, ಹೋಲ್ಡರು ಕರಗಿ, ಪ್ರತಿಫಲಕದ ಹೊಳಪು ಸುಟ್ಟು, ಕೊನೆಗೆ ಬೆಂಕಿ ಹೊತ್ತಿಕೊಳ್ಳಬಹುದು. ತಯಾರಕರು ಸೂಚಿಸಿದ ವ್ಯಾಟನ್ನು ಮೀರಿದ ಬಲ್ಬಿಗೆ ರಸ್ತೆಯ ಮೇಲೆ ಸ್ಥಾನವಿಲ್ಲ.

ಎಲ್‌ಇಡಿ ಮೋಹ

ಇಂದಿನ ಅನೇಕ ಹೊಸ ಕಾರುಗಳು ಎಲ್‌ಇಡಿ ದೀಪದೊಂದಿಗೇ ಬರುತ್ತವೆ. ಅವುಗಳ ಪ್ರತಿಫಲಕ, ಮಸೂರ ಎಲ್ಲವೂ ಎಲ್‌ಇಡಿಗೆಂದೇ ರಚಿತವಾದವು. ಅವುಗಳ ಬಗ್ಗೆ ಆಕ್ಷೇಪವಿಲ್ಲ. ಪ್ರಶ್ನೆಯಿರುವುದು ಹ್ಯಾಲೊಜನ್ ದೀಪದೊಳಗೆ ಅಂಗಡಿಯ ಎಲ್‌ಇಡಿ ಬಲ್ಬನ್ನು ತುರುಕುವುದರಲ್ಲಿ. ಹ್ಯಾಲೊಜನ್ ಬಲ್ಬಿನಲ್ಲಿ ಬೆಳಗುವುದು ಸಣ್ಣ ತಂತಿಯ ಸುರುಳಿ. ಅದು ಇರುವ ಬಿಂದುವನ್ನು ಆಧರಿಸಿಯೇ ಪ್ರತಿಫಲಕದ ಪ್ರತಿಯೊಂದು ಬಾಗನ್ನೂ ರೂಪಿಸಿರುತ್ತಾರೆ. ಎಚ್4 ಬಲ್ಬಿನ ಲೋ ಬೀಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲೊಂದಿದ್ದು, ಮೇಲಕ್ಕೆ ಚಿಮ್ಮಬಹುದಾದ ಬೆಳಕನ್ನು ಅದು ತಡೆಯುತ್ತದೆ. ಚಪ್ಪಟೆಯಾದ ಎಲ್‌ಇಡಿಯ ಬೆಳಕು ಬೇರೆ ಜಾಗದಿಂದ, ಬೇರೆ ದಿಕ್ಕಿಗೆ ಹೊರಡುತ್ತದೆ. ಕಾರಿನ ಹತ್ತಿರದ ನೆಲ ಬೆಳ್ಳಗೆ ಹೊಳೆಯುವುದರಿಂದ ಚಾಲಕನಿಗೆ ಬೆಳಕು ಹೆಚ್ಚಾದಂತೆ ಭಾಸವಾಗುತ್ತದೆ. ಆದರೆ ಹತ್ತಿರದ ಹೊಳಪಿಗೆ ಹೊಂದಿಕೊಂಡ ಕಣ್ಣಿಗೆ ದೂರದ ಕತ್ತಲೆಯಲ್ಲಿರುವುದು ಇನ್ನೂ ಕಡಿಮೆ ಕಾಣುತ್ತದೆ, ಎದುರಿನವನ ಕಣ್ಣೂ ಕುಕ್ಕುತ್ತದೆ.

ಎಚ್‌ಐಡಿ ಅಥವಾ ಝೆನಾನ್ ಕಿಟ್ಟುಗಳ ಕಥೆಯೂ ಇದೇ. 35 ವ್ಯಾಟಿನ ಝೆನಾನ್ ದೀಪ ಸುಮಾರು 3200 ಲ್ಯೂಮೆನ್ ಬೆಳಕು ಸೂಸುತ್ತದೆ, ಎಚ್4 ಲೋ ಬೀಮಿನ ಮೂರು ಪಟ್ಟಿಗೂ ಮಿಕ್ಕಿ. ಯೂರೋಪಿನ ನಿಯಮಗಳು 2000 ಲ್ಯೂಮೆನ್ ಮೀರಿದ ಇಂತಹ ಲೋ ಬೀಮ್ ದೀಪಕ್ಕೆ ಕವಚ ತೊಳೆಯುವ ಮತ್ತು ಭಾರಕ್ಕೆ ತಕ್ಕಂತೆ ಬೆಳಕನ್ನು ತಾನಾಗಿಯೇ ತಗ್ಗಿಸುವ ಸಾಧನಗಳನ್ನು ಕಡ್ಡಾಯ ಮಾಡಿದ್ದು ಈ ಕಾರಣಕ್ಕೇ. ಜರ್ಮನಿಯಲ್ಲಿ 2020ರಲ್ಲಿ ಮೊದಲ ಬಾರಿಗೆ ಬದಲಿ ಎಲ್‌ಇಡಿ ಬಲ್ಬಿಗೆ ಅನುಮತಿ ದೊರೆತಾಗಲೂ ಅದು ಎಲ್ಲ ಕಾರಿಗಲ್ಲ. ಪರೀಕ್ಷಿಸಿ ಪಟ್ಟಿಮಾಡಿದ ಮಾದರಿಗಳಿಗೆ ಮಾತ್ರ. ಬಲ್ಬು ಮತ್ತು ದೀಪ ಬೇರೆ ಬೇರೆಯಲ್ಲ, ಒಂದೇ ಯಂತ್ರದ ಎರಡು ಭಾಗಗಳು ಎಂಬ ಅರಿವು ಅದರ ಹಿಂದಿದೆ.

ದೀಪದ ದಿಕ್ಕು

ಸ್ವಚ್ಛವಾದ ಕವಚ, ಪೂರ್ಣ ವೋಲ್ಟೇಜು, ಒಳ್ಳೆಯ ಬಲ್ಬು ಇದ್ದೂ ದಿಕ್ಕು ತಪ್ಪಿದ್ದರೆ ಎಲ್ಲವೂ ವ್ಯರ್ಥ. ಬಂಪರಿಗೆ ಪೆಟ್ಟು ಬಿದ್ದಾಗ, ಸ್ಪ್ರಿಂಗು ಬದಲಿಸಿದಾಗ, ಬಲ್ಬು ಬದಲಿಸಿದಾಗ ದಿಕ್ಕನ್ನು ಪರೀಕ್ಷಿಸಲೇಬೇಕು. ಸರ್ವಿಸ್ ಕೇಂದ್ರಗಳಲ್ಲಿ ಇದಕ್ಕೆಂದೇ ಯಂತ್ರವಿರುತ್ತದೆ. ಮನೆಯಲ್ಲಿಯೂ ಸ್ಥೂಲವಾಗಿ ಪರಿಶೀಲಿಸಬಹುದು.

ಟೈರುಗಳಲ್ಲಿ ಸರಿಯಾದ ಗಾಳಿ ತುಂಬಿಸಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟಾದ ನೆಲದ ಮೇಲೆ ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನೇರವಾಗಿ ನಿಲ್ಲಿಸಬೇಕು. ದೀಪದ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಗೆರೆ ಎಳೆಯಬೇಕು. ಲೋ ಬೀಮ್ ಹೊತ್ತಿಸಿದಾಗ ಬೆಳಕಿನ ಮೇಲಂಚು ಆ ಗೆರೆಯಿಂದ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆಗೆ ಮಾತ್ರ ಅದು ಮೇಲಕ್ಕೆ ಓರೆಯಾಗಿ ಏರುತ್ತದೆ. ಹಲವು ಕಾರುಗಳಲ್ಲಿ ದೀಪದ ಮೇಲೆ ಅಥವಾ ಬಾನೆಟ್ಟಿನ ಒಳಗೆ ಈ ಇಳುಕಲಿನ ಶೇಕಡಾ ಪ್ರಮಾಣವನ್ನೇ ನಮೂದಿಸಿರುತ್ತಾರೆ. ಅದಿದ್ದರೆ ಅದನ್ನೇ ಅನುಸರಿಸತಕ್ಕದ್ದು.

ಕುಟುಂಬ ಸಮೇತ ಪ್ರಯಾಣಿಸುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಡಿಕ್ಕಿ ತುಂಬಿದಾಗ ಕಾರಿನ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರವಿರುವ ಕಾರಿನ ಹಿಂಭಾಗ ಕೇವಲ 5 ಸೆಂಟಿಮೀಟರ್ ಕುಸಿದರೂ ಬೆಳಕು ಶೇಕಡಾ 2ರಷ್ಟು ಮೇಲಕ್ಕೆ ತಿರುಗುತ್ತದೆ. ಶೇಕಡಾ 1 ಕೆಳಗಿರಬೇಕಾದುದು ಶೇಕಡಾ 1 ಮೇಲಾಯಿತು. 50 ಮೀಟರ್ ದೂರದಲ್ಲಿ ಅದು ನೆಲದಿಂದ 115 ಸೆಂಟಿಮೀಟರ್ ಎತ್ತರಕ್ಕೆ ಏರಿ, ಎದುರು ಕಾರಿನ ಚಾಲಕನ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಲೋ ಬೀಮ್ ಹಾಕಿದ್ದರೂ ಎದುರಿನವರು ಬೈಯುವುದು ಇದಕ್ಕೇ. ಸ್ಟೀರಿಂಗಿನ ಬಳಿ 0, 1, 2, 3 ಎಂದು ಬರೆದ ಪುಟ್ಟ ಗಾಲಿಯೊಂದು ಅನೇಕ ಕಾರುಗಳಲ್ಲಿದೆ. ಒಬ್ಬರೇ ಇದ್ದಾಗ 0, ಭಾರ ಹೆಚ್ಚಿದಂತೆ ಮುಂದಿನ ಅಂಕಿಗೆ ತಿರುಗಿಸಬೇಕು. ವರ್ಷಗಟ್ಟಲೆ ಕಾರು ಓಡಿಸಿದವರಲ್ಲಿಯೂ ಈ ಗಾಲಿಯ ಉಪಯೋಗ ಅರಿಯದವರು ಇದ್ದಾರೆ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು ಬೆಳಕನ್ನು ತಗ್ಗಿಸುವ ವಿಷಯಕ್ಕೇ ಮೀಸಲಾಗಿದೆ. ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ದೀಪವನ್ನು ರಚಿಸಿ, ಅಳವಡಿಸಿ, ಸುಸ್ಥಿತಿಯಲ್ಲಿಡಬೇಕೆಂದು ಅದು ವಿಧಿಸುತ್ತದೆ. 111ನೆಯ ನಿಯಮದಂತೆ ನೋಂದಣಿ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಹಾಕಿಸುವಂತಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಬಿಡಿಭಾಗಗಳನ್ನು ಅಳವಡಿಸಿ ವಾಹನ ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಟಿಗೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇಲ್ಲಿ ಹೊಣೆ ಮಾಲೀಕನದೇ. ಬಲ್ಬು ಮಾರಿದ ಅಂಗಡಿಯವನು ನಮ್ಮ ಪರವಾಗಿ ದಂಡ ಕಟ್ಟುವುದಿಲ್ಲ. ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯಾದ್ಯಂತ ವಿಶೇಷ ಕಾರ್ಯಾಚರಣೆ ಕೈಗೊಂಡು ಪ್ರಕರಣಗಳನ್ನು ದಾಖಲಿಸಿದ್ದನ್ನು ಓದುಗರು ನೆನಪಿಸಿಕೊಳ್ಳಬಹುದು.

ದೀಪದಷ್ಟೇ ಮುಖ್ಯ ಕಣ್ಣು

ದೀಪ ಸರಿಯಿದ್ದರೂ ಬೆಳಕು ಸಾಲದೆಂದು ತೋರಿದರೆ ಮುಂದಿನ ಗಾಜನ್ನು ಒಳಗಿನಿಂದ ನೋಡಬೇಕು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಆವಿ, ಧೂಳು, ಕೈಯ ಜಿಡ್ಡು ಸೇರಿ ಗಾಜಿನ ಒಳಮೈಯಲ್ಲಿ ಮಸುಕು ಕಟ್ಟುತ್ತದೆ; ಹಗಲಲ್ಲಿ ಕಾಣದ ಇದು ಎದುರು ದೀಪ ಬಿದ್ದಾಗ ಗಾಜನ್ನೇ ಬೆಳ್ಳಗೆ ಮಾಡುತ್ತದೆ. ಸವೆದ ವೈಪರ್ ಕೂಡ ಗಾಜಿನ ಮೇಲೆ ಗೀರು ಎಳೆಯುತ್ತದೆ.

ಅನಂತರ ಚಾಲಕನ ಕಣ್ಣು. 60 ವರ್ಷದವರ ಕಣ್ಣಿನ ಒಳಪರದೆಯನ್ನು ತಲುಪುವ ಬೆಳಕು 20 ವರ್ಷದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಕಣ್ಣಿನ ಪೊರೆ ಆರಂಭವಾಗಿದ್ದರೆ ಎದುರಿನ ದೀಪ ಹೂವರಳಿದಂತೆ ಚದುರಿ ಕಾಣುತ್ತದೆ. ಮನೆಯ ಹಿರಿಯರು "ಈಚೆಗೆ ಕಾರಿನ ಲೈಟು ಸಾಲುತ್ತಿಲ್ಲ" ಎಂದಾಗ ಬಲ್ಬನ್ನು ಬದಲಿಸುವ ಮೊದಲು ಅವರನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ಯುವುದು ಮಕ್ಕಳ ಕರ್ತವ್ಯ. ರಾತ್ರಿ ಸ್ಟೀರಿಂಗನ್ನು ಕಿರಿಯರಿಗೆ ಒಪ್ಪಿಸುವುದರಲ್ಲಿ ಹಿರಿಯರೂ ಸಂಕೋಚಪಡಬೇಕಾಗಿಲ್ಲ.

ಒಂದು ಭಾನುವಾರದ ಕೆಲಸ

ಮೇಲೆ ಹೇಳಿದ್ದನ್ನೆಲ್ಲ ಕ್ರಮಕ್ಕೆ ತಂದರೆ ಹೀಗಾಗುತ್ತದೆ. ಮೊದಲು ಮುಂದಿನ ಗಾಜು ಮತ್ತು ದೀಪದ ಕವಚಗಳನ್ನು ತೊಳೆಯಬೇಕು. ಕವಚ ಹಳದಿಯಾಗಿದ್ದರೆ ಉಜ್ಜಿಸಿ, ಹೊಸ ರಕ್ಷಣಾ ಲೇಪ ಹಚ್ಚಿಸಬೇಕು. ಬಲ್ಬು ಹಳೆಯದಾಗಿದ್ದರೆ ಅದೇ ವ್ಯಾಟಿನ ಜೋಡಿಯನ್ನು ಹಾಕಿಸಬೇಕು. ಬ್ಯಾಟರಿ ಮತ್ತು ಹೋಲ್ಡರುಗಳಲ್ಲಿ ವೋಲ್ಟೇಜು ಅಳೆಯಿಸಿ, ನಷ್ಟವಿದ್ದರೆ ಸರಿಪಡಿಸಬೇಕು. ಕಟ್ಟಕಡೆಗೆ ದೀಪದ ದಿಕ್ಕನ್ನು ಪರೀಕ್ಷಿಸಬೇಕು. ಈ ಕ್ರಮ ತಪ್ಪಬಾರದು. ಮೊದಲೇ ದಿಕ್ಕು ಸರಿಪಡಿಸಿ ಅನಂತರ ಬಲ್ಬು ಬದಲಿಸಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ. ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ, ಅದೇ ಮಾದರಿಯ ಕಾರಿಗೆ ತಯಾರಕರೇ ಒದಗಿಸುವ ಹೊಸ ಹೆಡ್‌ಲೈಟನ್ನು ಹಾಕಿಸುವ ಯೋಚನೆ ಮಾಡಬಹುದು.

ರಸ್ತೆಯಲ್ಲಿ ಎದುರು ವಾಹನ ಕಂಡೊಡನೆ ಲೋ ಬೀಮಿಗೆ ಇಳಿಸುವುದು, ಮುಂದಿನ ವಾಹನದ ಹಿಂದೆ ಸಾಗುವಾಗಲೂ ಹಾಗೆಯೇ ಇರುವುದು, ಎದುರಿನವನು ತಗ್ಗಿಸದಿದ್ದರೂ ನಾವು ಹಟಕ್ಕೆ ಬೀಳದೆ ರಸ್ತೆಯ ಎಡ ಅಂಚಿನ ಮೇಲೆ ದೃಷ್ಟಿಯಿಟ್ಟು ವೇಗ ತಗ್ಗಿಸುವುದು, ಇವು ಖರ್ಚಿಲ್ಲದ ಸುಧಾರಣೆಗಳು. ಎಷ್ಟು ದೂರ ಕಾಣುತ್ತದೆಯೋ ಅಷ್ಟರೊಳಗೆ ನಿಲ್ಲಲು ಸಾಧ್ಯವಾಗುವ ವೇಗವೇ ರಾತ್ರಿಯ ಸರಿಯಾದ ವೇಗ. ಬೀಗರ ಮನೆಯಿಂದ ಹೊರಡುವುದು ತಡವಾದರೆ ತಡವಾಗಲಿ. ಹತ್ತು ನಿಮಿಷ ಹೆಚ್ಚು ಹಿಡಿದರೂ ಎಲ್ಲರೂ ಕ್ಷೇಮವಾಗಿ ಮನೆ ಸೇರುವುದೇ ಮುಖ್ಯ. ಮುಂದಿನ ಮದುವೆ, ಜಾತ್ರೆಗಳ ದಿನಗಳು ಬರುವ ಮುನ್ನ ಪ್ರತಿಯೊಬ್ಬ ಗೃಹಸ್ಥರೂ ಒಂದು ಭಾನುವಾರವನ್ನು ಈ ಕೆಲಸಕ್ಕೆ ಮೀಸಲಿಡಲಿ.